ಹತ್ತು ತಿಂಗಳ ಅಡ್ವಾನ್ಸೇ ನಮ್ಮ ಕಾನೂನು

ಭಾನುವಾರ ಬೆಳಿಗ್ಗೆ ವಾಟ್ಸಾಪ್‌ನಲ್ಲಿ ಗುಡ್ ಮಾರ್ನಿಂಗ್ ಗುಲಾಬಿ, ಅದರ ಕೆಳಗೇ ಓನರ್ ಆಂಟಿಯ ಮೆಸೇಜು: “ಮಗ ಯುಎಸ್‌ನಿಂದ ಬರ್ತಿದ್ದಾನೆ ಕಣಮ್ಮ, ಈ ತಿಂಗಳ ಕೊನೆಗೆ ಮನೆ ಖಾಲಿ ಮಾಡ್ಕೊಟ್ಬಿಡಮ್ಮ.” ಅವತ್ತು ತಾರೀಕು 12.

ಜೆಪಿ ನಗರದ ಆ ಮನೆಯ ಅಗ್ರಿಮೆಂಟ್ ನನ್ನ ಹತ್ತಿರವೇ ಇತ್ತು. ಎರಡೂ ಕಡೆಯಿಂದ ಎರಡು ತಿಂಗಳ ನೋಟಿಸ್ ಅಂತ ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು. ಆದರೂ ನಾನು “ಸರಿ ಆಂಟಿ” ಅಂತ ಟೈಪ್ ಮಾಡಿದೆ. ಆಫೀಸಿಗೆ ರಜೆ ಹಾಕಿ, ಬ್ರೋಕರ್ ಹಿಂದೆ ಅಲೆದು, 30ಕ್ಕೆ ಬೀಗದ ಕೈ ಕೊಟ್ಟೆ. ಹೊಸ ವಾರ ಶುರುವಾಗೋದರೊಳಗೆ ಗೇಟಿಗೆ ಟು-ಲೆಟ್ ಬೋರ್ಡು ಬಿತ್ತು. ಗೆಳತಿ ಕೈಲಿ ಫೋನ್ ಮಾಡಿಸಿದೆ. ನಾನು ಕೊಡ್ತಿದ್ದ 25 ಸಾವಿರ ಈಗ 32 ಸಾವಿರವಂತೆ. ಮಗನ ಸುದ್ದಿ ಯಾರೂ ಎತ್ತಲಿಲ್ಲ.

ಓದಿದವಳು, ಕೆಲಸದಲ್ಲಿರೋಳು ಯಾಕೆ ಜಗಳ ಮಾಡಲಿಲ್ಲ ಅಂತ ಕೇಳ್ತೀರಾ? ಕಾರಣ ಒಂದೇ. ನನ್ನ ಹತ್ತು ತಿಂಗಳ ಅಡ್ವಾನ್ಸು, ಎರಡೂವರೆ ಲಕ್ಷ, ಅವರ ಹತ್ತಿರ ಇತ್ತು.

ಆಮೇಲೆ ಸಿಟ್ಟಿಗೆ ಕಾನೂನು ಓದೋಕೆ ಕೂತೆ. ಕರ್ನಾಟಕ ಬಾಡಿಗೆ ಕಾಯ್ದೆ, 1999 ಅಂತ ಒಂದಿದೆ, 2001ರ ಕೊನೆಯಲ್ಲಿ ಜಾರಿಗೆ ಬಂತು. ಇಂಥಿಂಥ ಕಾರಣ ಇದ್ದರೆ ಮಾತ್ರ ಬಾಡಿಗೆದಾರರನ್ನು ಎಬ್ಬಿಸಬಹುದು, ಅದೂ ಕೋರ್ಟಿನ ಮೂಲಕ ಅನ್ನುತ್ತೆ ಅದು. ಖುಷಿಯಾಯ್ತು. ಹಿಂದಿನ ಪುಟಕ್ಕೆ ಬಂದರೆ ಯಾರಿಗೆ ಇದು ಅನ್ವಯಿಸುವುದಿಲ್ಲ ಅನ್ನೋ ಪಟ್ಟಿ. ಬೆಂಗಳೂರಿನಲ್ಲಿ ಬಾಡಿಗೆ ತಿಂಗಳಿಗೆ 3,500 ರೂಪಾಯಿ ದಾಟಿದರೆ ಈ ಕಾಯ್ದೆ ಇಲ್ಲ. 3,500! ಬಿಟಿಎಂ ಲೇಔಟ್‌ನಲ್ಲಿ ಇವತ್ತು ಪಿಜಿಯಲ್ಲಿ ಒಂದು ಹಾಸಿಗೆ ಕೂಡ ಆ ದುಡ್ಡಿಗೆ ಸಿಗಲ್ಲ. ಅಂದರೆ ಇದನ್ನು ಓದ್ತಿರೋ ನಿಮಗೆ, ನನಗೆ, ರಾಜ್ಯದ ಬಾಡಿಗೆ ಕಾಯ್ದೆಯ ರಕ್ಷಣೆ ಇಲ್ಲವೇ ಇಲ್ಲ.

ಹಾಗಾದರೆ ನಮಗಿರೋದು ಯಾವುದು? 1882ರ ಆಸ್ತಿ ವರ್ಗಾವಣೆ ಕಾಯ್ದೆ. ಅದರ 106ನೇ ಸೆಕ್ಷನ್ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ತಿಂಗಳ ಬಾಡಿಗೆಯ ಮನೆಗೆ 15 ದಿನದ ನೋಟಿಸ್ ಸಾಕು. ಕಾರಣ ಕೊಡಬೇಕಾಗಿಲ್ಲ. ಆದರೆ ನೋಟಿಸ್ ಬರಹದಲ್ಲಿರಬೇಕು, ಸಹಿ ಇರಬೇಕು, ಅಂಚೆಯಲ್ಲಿ ಬರಬೇಕು ಇಲ್ಲವೇ ನಿಮಗೆ ಅಥವಾ ಮನೆಯವರಿಗೆ ಕೈಗೆ ಕೊಡಬೇಕು. ಅದು ಸಾಧ್ಯವಾಗದಿದ್ದರೆ ಮಾತ್ರ ಮನೆಗೆ ಅಂಟಿಸಬಹುದು. ಗುಲಾಬಿ ಹೂವಿನ ಕೆಳಗೆ ಬಂದ ಮೆಸೇಜು ಕಾನೂನು ಹೇಳೋ ರೀತಿಯ ನೋಟಿಸ್ ಅಲ್ಲ.

ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ನೋಂದಣಿ ಮಾಡಿಸಬೇಕು. ಅದನ್ನು ತಪ್ಪಿಸೋಕೇ ನಮ್ಮೂರಲ್ಲಿ ಎಲ್ಲರೂ 11 ತಿಂಗಳ ಅಗ್ರಿಮೆಂಟ್ ಮಾಡ್ತಾರೆ. ನಾವು ಓದದೆ ಸಹಿ ಹಾಕ್ತೀವಲ್ಲ, ಆ ಇ-ಸ್ಟಾಂಪ್ ಕಾಗದದಲ್ಲಿರೋ ನೋಟಿಸ್ ಷರತ್ತೇ ನಮಗಿರೋ ದೊಡ್ಡ ರಕ್ಷಣೆ. ಅವಧಿ ಮುಗಿದ ಮೇಲೆ ಹೊಸದು ಮಾಡಿಸದೆ ಬಾಡಿಗೆ ಕಟ್ಕೊಂಡು, ಅವರು ತಗೊಂಡು ಹೋದರೆ, ನೀವು ಸಾಮಾನ್ಯವಾಗಿ ತಿಂಗಳ ಲೆಕ್ಕದ ಬಾಡಿಗೆದಾರರಾಗ್ತೀರಿ. ಹಳೆಯ ಎರಡು ತಿಂಗಳ ಷರತ್ತು ಬದುಕಿದೆಯೋ ಇಲ್ಲವೋ ಅಂತ ವಕೀಲರು ವಾದ ಮಾಡಬೇಕಾಗುತ್ತೆ.

ಹಾಗಂತ ಓನರ್ ಬೀಗ ಬದಲಾಯಿಸೋ ಹಾಗಿಲ್ಲ. ನೋಟಿಸ್ ಅವಧಿ ಮುಗಿದರೂ, ನೀವು ಹೋಗದಿದ್ದರೆ ಅವರು ಕೋರ್ಟಿಗೇ ಹೋಗಬೇಕು. ನೆಲೆಯಾಗಿ ಇರುವವರನ್ನು, ಅವರಿಗೆ ಅಲ್ಲಿರೋ ಹಕ್ಕು ಇಲ್ಲದಿದ್ದರೂ, ಕಾನೂನಿನ ದಾರಿ ಬಿಟ್ಟು ಹೊರಹಾಕುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ಬಲವಂತವಾಗಿ ಹೊರಗೆ ಹಾಕಿದರೆ, 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಸೆಕ್ಷನ್ ಅಡಿ, ಆರು ತಿಂಗಳೊಳಗೆ ದಾವೆ ಹೂಡಿ ಮನೆ ವಾಪಸ್ ಕೇಳಬಹುದು.

ಇಷ್ಟೆಲ್ಲ ತಿಳ್ಕೊಂಡು ನಾನು ಹೀರೋಯಿನ್ ಥರ ಓಡಾಡ್ತಿದ್ದಾಗ ಬನಶಂಕರಿಯಿಂದ ಚಿಕ್ಕಮ್ಮನ ಫೋನ್. ಚಿಕ್ಕಪ್ಪ ಹೋದ ಮೇಲೆ ಅವಳ ಜೀವನ ನಡೀತಿರೋದೇ ಮಹಡಿ ಮನೆ ಬಾಡಿಗೆಯಿಂದ. ಈಗ ಮಗಳು ಎಳೆ ಕೂಸು ಎತ್ಕೊಂಡು ಬಂದು ಇರ್ತಾಳಂತೆ. “ಮೇಲಿನವರಿಗೆ ಖಾಲಿ ಮಾಡಿ ಅಂತ ನೀನೇ ಒಂದು ಮೆಸೇಜ್ ಟೈಪ್ ಮಾಡ್ಕೊಡೇ. ಮುಂದಿನ ತಿಂಗಳಷ್ಟೊತ್ತಿಗೆ ಹೋಗ್ಲಿ.”

ಮೇಲಿನವರ ಹುಡುಗ ಅಲ್ಲೇ ಪಕ್ಕದ ಸ್ಕೂಲಿಗೆ ಹೋಗ್ತಾನೆ. ಎರಡು ತಿಂಗಳಾದರೂ ಕೊಡು, ಕಾಗದದಲ್ಲಿ ಬರೆದು ಕೊಡು ಅಂದೆ. ಚಿಕ್ಕಮ್ಮ ಸುಮ್ಮನಿದ್ದು ಕೇಳಿದಳು: “ಎರಡು ತಿಂಗಳಾದ್ಮೇಲೂ ಅವರು ಹೋಗ್ದೇ ಇದ್ರೆ? ಈ ವಯಸ್ಸಲ್ಲಿ ಕೋರ್ಟು ಅಲೀಲಾ? ಅಡ್ವಾನ್ಸ್ ನನ್ನ ಹತ್ರ ಇದೆ ಅಂತ ತಾನೆ ಎಲ್ಲರೂ ಮರ್ಯಾದೆಯಿಂದ ಹೋಗೋದು?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಕೇಸ್ ಹಾಕಿದರೆ ವರ್ಷಗಟ್ಟಲೆ ಅನ್ನೋ ಅವಳ ಭಯ ಸುಳ್ಳಲ್ಲ. ನನ್ನ ಓನರ್ ಆಂಟಿಗೂ ಇದೇ ಭಯ ಇದ್ದಿರಬಹುದು. ಕೋರ್ಟಿನ ಮೇಲೆ ಇಬ್ಬರಿಗೂ ನಂಬಿಕೆ ಇಲ್ಲ. ಅದಕ್ಕೇ ಹತ್ತು ತಿಂಗಳ ಅಡ್ವಾನ್ಸು ಮಾಲೀಕರ ಬೀರುವಿನಲ್ಲಿರೋ ಸ್ವಂತ ಕೋರ್ಟಾಗಿದೆ. ಅಲ್ಲಿ ತೀರ್ಪು ಯಾವಾಗಲೂ ಒಂದೇ ಕಡೆಗೆ. ಪೇಂಟಿಂಗ್‌ಗೆ ಅಂತ ಒಂದು ತಿಂಗಳ ಬಾಡಿಗೆ ಮುರ್ಕೊಂಡಾಗಲೂ ನಾವು ತಲೆ ಅಲ್ಲಾಡಿಸಿ ಬರ್ತೀವಿ.

ಇದನ್ನು ಬಿಡಿಸಬೇಕಾದ್ದು ವಿಧಾನಸೌಧ. 2021ರ ಜೂನ್‌ನಲ್ಲಿ ಕೇಂದ್ರ ಸಂಪುಟ ಮಾದರಿ ಬಾಡಿಗೆ ಕಾಯ್ದೆಗೆ ಒಪ್ಪಿಗೆ ಕೊಟ್ಟಿತು. ವಾಸದ ಮನೆಗೆ ಅಡ್ವಾನ್ಸ್ ಎರಡು ತಿಂಗಳಿಗಿಂತ ಹೆಚ್ಚಿಲ್ಲ. ನೀರು, ಕರೆಂಟು ಕಟ್ ಮಾಡೋ ಹಾಗಿಲ್ಲ. ಮಾಲೀಕರಿಗೂ ರಕ್ಷಣೆ ಇದೆ: ಅವಧಿ ಮುಗಿದರೂ ಹೋಗದವರು ಮೊದಲ ಎರಡು ತಿಂಗಳು ಎರಡು ಪಟ್ಟು, ಆಮೇಲೆ ನಾಲ್ಕು ಪಟ್ಟು ಬಾಡಿಗೆ ಕೊಡಬೇಕು. ಜಗಳಕ್ಕೆ ಪ್ರತ್ಯೇಕ ಬಾಡಿಗೆ ಕೋರ್ಟು. ಆದರೆ ರಾಜ್ಯ ತನ್ನದೇ ಕಾನೂನು ಮಾಡಿದರೆ ಮಾತ್ರ ಇದಕ್ಕೆಲ್ಲ ಬಲ. ನಾನಿದನ್ನು ಬರೆಯೋ ಹೊತ್ತಿಗೆ ಕರ್ನಾಟಕ ಮಾಡಿಲ್ಲ. ಈ ಮಾದರಿ ಬೇಡ ಅಂದರೆ ಬೇಡ, ಬೇರೆ ಮಾಡಲಿ. 3,500 ಅನ್ನೋ ಗೆರೆ ಅಳಿಸಲಿ, ಅಡ್ವಾನ್ಸ್‌ಗೆ ಮಿತಿ ಹಾಕಲಿ, ತಿಂಗಳುಗಳಲ್ಲಿ ತೀರ್ಪು ಕೊಡೋ ಕೋರ್ಟು ಕೊಡಲಿ. ಮೂರೂ ಒಟ್ಟಿಗೆ ಬೇಕು. ಅಡ್ವಾನ್ಸ್ ಮಾತ್ರ ಇಳಿಸಿ ಕೋರ್ಟು ಕೊಡದಿದ್ದರೆ ಚಿಕ್ಕಮ್ಮ ಮನೆ ಬಾಡಿಗೆಗೇ ಕೊಡಲ್ಲ.

ಅಲ್ಲಿಯವರೆಗೆ ನಮ್ಮ ಕೈಲಾಗೋದು ಮಾಡೋಣ. ಸಹಿಗೆ ಮುಂಚೆ ನೋಟಿಸ್ ಷರತ್ತು ಓದಿ. 11 ತಿಂಗಳಾದ ಕೂಡಲೇ ಹೊಸ ಅಗ್ರಿಮೆಂಟ್ ಮಾಡಿಸಿ. ಬಾಡಿಗೆ, ಅಡ್ವಾನ್ಸು ಬ್ಯಾಂಕ್ ಮೂಲಕವೇ ಹೋಗಲಿ. ಸೇರೋ ದಿನ ಗೋಡೆ, ನಲ್ಲಿ, ಗೀಸರ್ ಎಲ್ಲದರ ಫೋಟೋ ತೆಗೆದಿಡಿ. ಬೀಗದ ಕೈ ಕೊಡೋದು, ಅಡ್ವಾನ್ಸ್ ವಾಪಸ್ ಬರೋದು ಒಂದೇ ದಿನ ಅಂತ ಬರೆಸಿಕೊಳ್ಳಿ.

ಚಿಕ್ಕಮ್ಮನಿಗೆ ಮೆಸೇಜ್ ಟೈಪ್ ಮಾಡಿಕೊಡಲಿಲ್ಲ. ಕಾಗದ ಬರೆದುಕೊಟ್ಟೆ: ಎರಡು ತಿಂಗಳು, ನಿಜವಾದ ಕಾರಣ, ಅಡ್ವಾನ್ಸ್ ಕೊಡೋ ತಾರೀಕು. ಬೈಕೊಂಡೇ ಸಹಿ ಹಾಕಿದಳು. ಮೇಲಿನವರು ಓದಿ, “ಸರಿ ಆಂಟಿ, ನೋಡ್ತೀವಿ” ಅಂದರಂತೆ. ಅವರು ಎರಡು ತಿಂಗಳಿಗೆ ಹೋಗ್ತಾರಾ ಅಂತ ಚಿಕ್ಕಮ್ಮ ದಿನಾ ಫೋನ್ ಮಾಡಿ ನನ್ನ ಕೇಳ್ತಾಳೆ. ಅದಕ್ಕೆ ಉತ್ತರ ಕೊಡಬೇಕಾದ್ದು ನಾನಲ್ಲ, ಸರ್ಕಾರ.