ಮಳೆಗೆ ಮುಂಚೆ ಒಂದು ಹಾಳೆ

ಸೋದರಿಯರೇ, ಮಳೆಗಾಲಕ್ಕೆ ಮುಂಚೆ ಸೌದೆ ಒಟ್ಟುತ್ತೇವೆ, ಹಪ್ಪಳ ಒಣಗಿಸಿ ಡಬ್ಬಿಗೆ ತುಂಬುತ್ತೇವೆ. ಮನೆಗೆ ಇಷ್ಟೆಲ್ಲ ಮಾಡುವ ನಾವು, ನಮ್ಮ ಆನೇಮಹಲಿನ ಮಹಿಳಾ ಸಂಘಕ್ಕೆ ಏನು ಮಾಡಿದ್ದೆವು? ಏನೂ ಇಲ್ಲ!

2018ರ ಆಗಸ್ಟ್‌ನಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚಿತು. ಸಕಲೇಶಪುರ–ಸುಬ್ರಹ್ಮಣ್ಯ ರೈಲೂ ನಿಂತಿತು. ಮಂಗಳೂರಿನ ಒಂದೇ ಅಂಗಡಿಗೆ ಹೋಗುತ್ತಿದ್ದ ನಮ್ಮ ಸಾರಿನ ಪುಡಿ ಹಾಗೇ ಉಳೀತು. ಮಗಳ ಬಾಣಂತನಕ್ಕೆಂದು ಘಟ್ಟದ ಕೆಳಗೆ ಹೋಗಿದ್ದ ಕಾರ್ಯದರ್ಶಿ ಅಲ್ಲೇ ಸಿಕ್ಕಿಕೊಂಡರು. ಬೀರುವಿನ ಬೀಗದ ಕೈ ಅವರ ಹತ್ತಿರ, ಬ್ಯಾಂಕಿಗೆ ಅವರದೇ ಸಹಿ. ಅದೇ ವಾರ ಒಬ್ಬಾಕೆ, "ಅಕ್ಕಾ, ಗೋಡೆ ಬಿದ್ದೋಯ್ತು, ನನ್ನ ಉಳಿತಾಯದ ದುಡ್ಡು ಕೊಡಿ" ಎಂದು ಅಳುತ್ತ ಬಂದಳು. ದುಡ್ಡಿತ್ತು, ಕೊಡೋಕಾಗ್ಲಿಲ್ಲ. ಮನೆಮನೆಯಿಂದ ನೂರು, ಇನ್ನೂರು ಕೂಡಿಸಿ ಕೊಟ್ಟೆವು.

ಆಮೇಲೆ ಕೂತು ಒಂದು ಹಾಳೆ ಬರೆದೆವು. ಮೊದಲ ಪ್ರಶ್ನೆ: ಯಾವ ಕೆಲಸ ನಿಂತರೆ ಎಷ್ಟು ದಿನ ತಡೆದೀತು? ಪುಡಿ ಮಾರಾಟ ಹದಿನೈದು ದಿನ ತಡೆದೀತು. ಕಷ್ಟದಲ್ಲಿರುವವಳ ಹಣ ಒಂದು ದಿನವೂ ತಡೆಯದು. ಹಾಗಾಗಿ ಅದೇ ಮೊದಲು.

* ಬ್ಯಾಂಕಿನಲ್ಲಿ ಮೂವರ ಹೆಸರು. ಯಾರಾದರೂ ಇಬ್ಬರ ಸಹಿ ಸಾಕು.
* ಲೆಕ್ಕದ ಇನ್ನೊಂದು ಪ್ರತಿ, ಇನ್ನೊಂದು ಬೀಗದ ಕೈ ಬೇರೆ ಮನೆಯಲ್ಲಿ.
* ಪುಡಿಯ ಅಳತೆ ಇಬ್ಬರಿಗಾದರೂ ಗೊತ್ತಿರಲಿ.
* ಘಾಟಿ ಮುಚ್ಚಿದರೆ ಮಾರಲು ಹಾಸನದಲ್ಲೊಂದು ಅಂಗಡಿ.
* ಫೋನ್ ನಂಬರು ಕಾಗದದ ಮೇಲೆ. ಕರೆಂಟ್ ಹೋದರೆ ಮೊಬೈಲೂ ಹೋಯ್ತು!

ಬರೆದಿಟ್ಟರೆ ಸಾಲದು. ಮೇ ತಿಂಗಳಲ್ಲಿ ಒಂದು ದಿನ ಕಾರ್ಯದರ್ಶಿಯನ್ನು ಸುಮ್ಮನೆ ಕೂರಿಸಿ, ಉಳಿದವರೇ ಕೆಲಸ ನಡೆಸಿ ನೋಡ್ತೀವಿ. ಮೊದಲ ಸಲ ಬೀಗದ ಕೈಯೇ ಸಿಗಲಿಲ್ಲ! ಬಿಸಿಲಲ್ಲೇ ತಿಳಿದದ್ದು ಒಳ್ಳೇದಾಯ್ತು. 2024ರ ಜುಲೈನಲ್ಲಿ ಮತ್ತೆ ಗುಡ್ಡ ಕುಸಿದಾಗ, ಕೇಳಿದವರಿಗೆ ಮರುದಿನವೇ ದುಡ್ಡು ಸಿಕ್ಕಿತು.

ನಿಮ್ಮ ಸಂಘದ ಬೀಗದ ಕೈ ಯಾರ ಹತ್ತಿರ ಇದೆ? ಇವತ್ತೇ ಕೇಳಿ ನೋಡಿ.