ಗ್ರಂಥಾಲಯ ಕರ ಕಟ್ಟಿದ್ದೇವೆ, ಕನ್ನಡ ಕೇಳಿಸಿ!

ಕನ್ನಡದ ತರುಣ ಮಿತ್ರರೇ,

ಆಸ್ತಿ ತೆರಿಗೆಯ ಮೇಲೆ ನೂರಕ್ಕೆ 6ರಂತೆ ಗ್ರಂಥಾಲಯ ಕರ ವಸೂಲಾಗುತ್ತದೆಂಬುದು ನಿಮಗೆ ಗೊತ್ತೇ? 1965ರ ಗ್ರಂಥಾಲಯ ಕಾಯ್ದೆಯ ಕರ ಅದು. ಬಾಡಿಗೆ ಮನೆಯಲ್ಲಿರುವವರೂ ಬಾಡಿಗೆಯ ಮೂಲಕ ಅದನ್ನು ತೆರುತ್ತಲೇ ಇದ್ದಾರೆ. ಇಷ್ಟು ಕೊಟ್ಟು ನಾಲ್ಕು ದಿನಪತ್ರಿಕೆ, ಪರೀಕ್ಷೆಯ ಗೈಡುಗಳಿಗೇ ತೃಪ್ತರಾಗಬೇಕೇ?

ಕೇಳುವ ಪುಸ್ತಕಗಳು ಬೇಕು ಎಂದು ಹಕ್ಕಿನಿಂದ ಕೇಳೋಣ. ಅಚ್ಚುಕೂಟ ನಡೆಸುವವನು ಹೀಗೆನ್ನುತ್ತಾನಲ್ಲ ಎಂದು ನಗಬೇಡಿ! ಮನೆಯಲ್ಲಿ ಕನ್ನಡ ಮಾತಾಡಿ, ಅಕ್ಷರ ಕಂಡರೆ ತಡವರಿಸುವ ಹುಡುಗರು ನಮ್ಮ ನಗರಗಳಲ್ಲಿ ಎಷ್ಟಿಲ್ಲ? ಅವರನ್ನು ಬೈದು ಫಲವಿಲ್ಲ. ಕತೆ ಕಿವಿಗೆ ಬಿದ್ದರೆ ಪುಸ್ತಕದತ್ತ ಕೈ ಚಾಚಿಯಾರು. ಓದಲು ಬಾರದವರು ಕೂಡ ಗಮಕಿಗಳ ಬಾಯಿಂದ ಕುಮಾರವ್ಯಾಸನನ್ನು ಕೇಳಿ ಬೆಳೆದ ನಾಡಲ್ಲವೇ ಇದು?

ಹಕ್ಕುಸ್ವಾಮ್ಯ ಅಡ್ಡ ಬರುತ್ತದೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಲೇಖಕರು ಬದುಕಿದ್ದಾಗ ಪ್ರಕಟವಾದ ಕೃತಿಯ ಹಕ್ಕು, ಅವರು ತೀರಿಕೊಂಡ ಮರುವರ್ಷದಿಂದ 60 ವರ್ಷಕ್ಕೆ ಮುಗಿಯುತ್ತದೆ. ಗುಲ್ವಾಡಿ ವೆಂಕಟರಾಯರು ಹೋದದ್ದು 1913ರಲ್ಲಿ, ಪಂಜೆ ಮಂಗೇಶರಾಯರು 1937ರಲ್ಲಿ, ಗಳಗನಾಥರು 1942ರಲ್ಲಿ, ಬಿ.ಎಂ.ಶ್ರೀ ಮತ್ತು ಕೈಲಾಸಂ 1946ರಲ್ಲಿ. ಇತ್ತೀಚಿನ ಸಂಪಾದಕರ ಟಿಪ್ಪಣಿ, ಮುನ್ನುಡಿ ಬಿಟ್ಟು ಮೂಲವನ್ನಷ್ಟೇ ಓದಿದರೆ ಯಾರ ಅಪ್ಪಣೆಯೂ ಬೇಡ, ಗೌರವಧನವೂ ಬೇಡ. ಕುವೆಂಪು ಅವರ ಕೃತಿಗಳಿಗೆ 2054 ಮುಗಿಯುವವರೆಗೆ ಕಾಯಬೇಕು, ನಿಜ. ಕೈಗೆ ಸಿಕ್ಕಿರುವುದನ್ನು ಮೊದಲು ಬಳಸೋಣ!

ಕೈಲಾಸಂ ನಾಟಕವನ್ನು ಬರೀ ಕಣ್ಣಲ್ಲಿ ಓದಿದರೆ ಅರ್ಧ ರುಚಿ ಹೋಯಿತು. ಗಳಗನಾಥರ ಕಾದಂಬರಿಯನ್ನು ಹಾವೇರಿ ಕಡೆಯವರು ಓದಲಿ, ಗುಲ್ವಾಡಿಯವರ 'ಇಂದಿರಾಬಾಯಿ'ಯನ್ನು ಮಂಗಳೂರಿನವರು ಓದಲಿ. ಬೆಂಗಳೂರಿನ ಹುಡುಗರ ಕಿವಿಗೆ ಇಡೀ ನಾಡಿನ ಕನ್ನಡ ಬೀಳಲಿ.

ಇಂಗ್ಲಿಷ್ ಪುಸ್ತಕಗಳಿಗೆ ಈ ಭಾಗ್ಯ ಎಂದೋ ಬಂದಿದೆ. 2005ರಲ್ಲಿ ಶುರುವಾದ ಲಿಬ್ರಿವಾಕ್ಸ್‌ನಲ್ಲಿ ಸ್ವಯಂಸೇವಕರೇ ಹಕ್ಕು ಮುಗಿದ ಪುಸ್ತಕಗಳನ್ನು ಓದಿ, ಸಾವಿರಾರು ಧ್ವನಿಮುದ್ರಣಗಳನ್ನು ಬಿಟ್ಟಿಯಾಗಿ ಕೊಟ್ಟಿದ್ದಾರೆ. ನಮ್ಮಲ್ಲಿ ಹವ್ಯಾಸಿ ನಟರಿಗೆ, ಗಮಕಿಗಳಿಗೆ, ನಿವೃತ್ತ ಕನ್ನಡ ಮೇಷ್ಟರಿಗೆ ಬರವೇ? ಸದ್ದಿಲ್ಲದ ಒಂದು ಕೋಣೆ, ಒಳ್ಳೆಯ ಒಂದು ಮೈಕು ಇದ್ದರೆ ಕೆಲಸ ಶುರುವಾಗುತ್ತದೆ. ಸರ್ಕಾರ 2020ರಲ್ಲಿ ಡಿಜಿಟಲ್ ಗ್ರಂಥಾಲಯ ಆರಂಭಿಸಿದೆ, ಅಲ್ಲಿಯೇ ಇವನ್ನೂ ಇಡಲಿ.

ಒಂದು ಎಚ್ಚರಿಕೆ. ಪುಸ್ತಕದ ಹಕ್ಕು ಮುಗಿದಿದ್ದರೂ ಹೊಸ ಧ್ವನಿಮುದ್ರಣಕ್ಕೆ ಬೇರೆಯೇ ಹಕ್ಕು ಹುಟ್ಟುತ್ತದೆ. ಗುತ್ತಿಗೆದಾರನೊಬ್ಬ ನಮ್ಮ ಕರದ ಹಣದಲ್ಲಿ ಓದಿಸಿ, ಅದಕ್ಕೆ ಬೀಗ ಹಾಕಿ, ನಮಗೇ ಮಾರುವಂತಾಗಬಾರದು. ಎಲ್ಲರೂ ಕೇಳಲು, ನಕಲು ಮಾಡಿ ಹಂಚಲು ಮುಕ್ತವಾಗಿರಬೇಕೆಂಬ ಷರತ್ತನ್ನು ಮೊದಲೇ ಬರೆಸಿಕೊಳ್ಳಬೇಕು.

ಈ ವಾರವೇ ನಾಲ್ಕು ಮಂದಿ ಗೆಳೆಯರೊಡನೆ ಹತ್ತಿರದ ಗ್ರಂಥಾಲಯಕ್ಕೆ ಹೋಗಿ. ಯಾವ ಪುಸ್ತಕ ಬೇಕು, ಯಾರು ಓದಿಕೊಡಬಲ್ಲರು ಎಂಬುದನ್ನು ಅಚ್ಚಕನ್ನಡದಲ್ಲಿ ಬರೆದು ಅರ್ಜಿ ಕೊಡಿ. ನಕಲು ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳದೆ ವಾಪಸು ಬರಬೇಡಿ!