ಕೋಡಿಯಿಂದ ಕೆಳಗೆ ಒಮ್ಮೆ ನಡೆದು ಬನ್ನಿ



ನಂದಿಬೆಟ್ಟದ ಬುಡದಿಂದ ಹೆಸರಘಟ್ಟದವರೆಗೆ ಇರುವ ನಾವೆಲ್ಲ ಅರ್ಕಾವತಿಯ ಮಕ್ಕಳು. ಆದರೂ ‘ನಮ್ಮ ಹೊಳೆ ಎಲ್ಲಿದೆ?’ ಎಂದು ಮನೆಯ ಮಗು ಕೇಳಿದರೆ ಕೈ ತೋರಿಸಲು ತಡವರಿಸುತ್ತೇವೆ. ತುಂಗೆಯಂತೆ ಎರಡು ದಡದ ನಡುವೆ ತುಂಬಿ ಹರಿಯುವ ಹೊಳೆ ಇದಲ್ಲ. ಮೇಲಿನ ಕೆರೆ ಕೋಡಿ ಬಿದ್ದರೆ ಆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ ಬರಬೇಕು, ಅದು ತುಂಬಿ ಅದರ ಕೆಳಗಿನದಕ್ಕೆ ಹೋಗಬೇಕು. ದೊಡ್ಡಬಳ್ಳಾಪುರದ ನಾಗರಕೆರೆ, ದೊಡ್ಡತುಮಕೂರು, ಕಾಕೋಳು, ಹೆಸರಘಟ್ಟ, ಆಮೇಲೆ ತಿಪ್ಪಗೊಂಡನಹಳ್ಳಿ. ಕೊನೆಗೆ ಕನಕಪುರದಾಚೆ ಸಂಗಮದಲ್ಲಿ ಕಾವೇರಿ. ಕೆರೆಗಳೇ ಈ ಹೊಳೆಯ ಮೈ.

ಬೆಂಗಳೂರಿಗೆ ನಲ್ಲಿ ನೀರು ಮೊದಲು ಬಂದದ್ದು ಈ ಹೊಳೆಯಿಂದ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಹೆಸರಘಟ್ಟದಿಂದ, 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯದಿಂದ. ಇಂದು ಅದೇ ನಗರ ನೂರು ಕಿಲೋಮೀಟರಿನಷ್ಟು ದೂರದ ಕಾವೇರಿಯಿಂದ ನೀರೆತ್ತಿ ತರುತ್ತಿದೆ.

ಹೊಳೆ ಬತ್ತಿದ್ದಕ್ಕೆ ಮಳೆ ಕಡಿಮೆಯಾಯಿತು ಎಂದು ಎಷ್ಟು ದಿನ ಹೇಳಿಕೊಳ್ಳೋಣ? ನೀಲಗಿರಿ ತೋಪುಗಳು, ಸಾವಿರ ಅಡಿಗಿಳಿದ ಕೊಳವೆಬಾವಿಗಳು ನೆಲದೊಳಗಿನ ತೇವವನ್ನು ಹೀರಿವೆ, ನಿಜ. ಆದರೆ ಬಿದ್ದ ನೀರೂ ಮುಂದಿನ ಕೆರೆಗೆ ಮುಟ್ಟುತ್ತಿಲ್ಲ. ಕಳೆದ ಬೇಸಿಗೆ ನಮ್ಮೂರ ಕೆರೆ ಕೋಡಿಯಿಂದ ಕೆಳಕ್ಕೆ ನಡೆದು ಹೋದೆ. ಕೋಡಿಕಲ್ಲಿನ ಮೇಲೆ ಒಣಗಿ ಕಪ್ಪಾದ ಪಾಚಿ. ನೂರು ಹೆಜ್ಜೆಯವರೆಗೆ ಕಾಲುವೆ ಎರಡು ಎತ್ತಿನ ಗಾಡಿ ಅಕ್ಕಪಕ್ಕ ಹೋಗುವಷ್ಟು ಅಗಲವಿತ್ತು. ಅಲ್ಲಿಂದಾಚೆ ಒಂದು ಬಡಾವಣೆಯ ಕಾಂಪೌಂಡು ಅಡ್ಡ ನಿಂತಿತ್ತು. ಅದರ ಬುಡದಲ್ಲಿ ನೀರಿಗೆಂದು ಬಿಟ್ಟದ್ದು ಒಂದೇ ಒಂದು ಸಿಮೆಂಟ್ ಪೈಪು, ಅದರಲ್ಲೂ ಅರ್ಧ ಮಣ್ಣು, ಮಿಕ್ಕರ್ಧ ಪ್ಲಾಸ್ಟಿಕ್ ಚೀಲ. ಮೈಲಿಗಟ್ಟಲೆ ದೂರದಿಂದ ಬರುವ ಮಳೆನೀರು ಅದರಲ್ಲಿ ನುಸುಳಿ ಹೋಗಬೇಕು!

ಆ ಗೋಡೆಯಾಚೆ ಕಾಲುವೆ ಒಣಗಿರಲಿಲ್ಲ. ಅದೇ ನನಗೆ ಹೆಚ್ಚು ನೋವು ತಂದದ್ದು. ಕಡು ಬೇಸಿಗೆಯಲ್ಲೂ ಬೂದು ಬಣ್ಣದ ನೀರು ಸಣ್ಣಗೆ ಹರಿಯುತ್ತಿತ್ತು, ಅಂಚಿನಲ್ಲಿ ನೊರೆ, ಕೊಳೆತ ಮೊಟ್ಟೆಯ ವಾಸನೆ. ಜೊತೆಗಿದ್ದ ಕುರಿಗಾಹಿ ಅಜ್ಜ ಕುರಿಗಳನ್ನು ಕೋಲಿನಿಂದ ಹಿಂದಕ್ಕೆ ಅಟ್ಟುತ್ತಾ ‘ಇದನ್ನ ಕುಡಿಸಂಗಿಲ್ಲ ಸ್ವಾಮಿ’ ಎಂದರು. ಹೊಳೆಯ ದಾರಿಯಲ್ಲಿ ಈಗ ವರ್ಷವಿಡೀ ಹರಿಯುತ್ತಿರುವುದು ನಮ್ಮ ಬಚ್ಚಲು, ಕಕ್ಕಸು ಮತ್ತು ಕಾರ್ಖಾನೆಗಳ ನೀರು. ಅದು ಮುಂದಿನ ಕೆರೆಯಲ್ಲಿ ನಿಂತು, ಇಂಗಿ, ಸುತ್ತಲಿನ ಬಾವಿಗಳಿಗೆ ಇಳಿಯುತ್ತದೆ.

ತಿಪ್ಪಗೊಂಡನಹಳ್ಳಿಗೆ ನೀರುಣಿಸುವ ಸುಮಾರು 1,450 ಚದರ ಕಿಲೋಮೀಟರ್ ಪ್ರದೇಶವನ್ನು ಕಾಯಲೆಂದು 2003ರಲ್ಲಿ ಸರ್ಕಾರ ಅಧಿಸೂಚನೆ ಹೊರಡಿಸಿತು. 2019ರಲ್ಲಿ ಆ ಅಧಿಸೂಚನೆಯ ನಿರ್ಬಂಧಗಳು ಸಡಿಲಗೊಂಡವು. ಕಾಗದವನ್ನೇ ನಂಬಿ ಕೂರುವ ಹಾಗಿಲ್ಲ.

ಕೆರೆ ಏರಿಯ ಮೇಲೆ ನಡಿಗೆಪಥ, ಬೇಲಿ, ದೀಪ ಹಾಕಿಸುವ ಉತ್ಸಾಹ ಈಗ ಎಲ್ಲೆಡೆ ಇದೆ. ಬೇಡವೆನ್ನುವುದಿಲ್ಲ. ಆದರೆ ನೀರು ಬರುವ ಕಾಲುವೆ, ಹೋಗುವ ಕಾಲುವೆ ಎರಡೂ ಮುಚ್ಚಿದ್ದರೆ ಅದು ಹೊಳೆಯಿಂದ ಕಡಿದುಹೋದ ಹೊಂಡ ಅಷ್ಟೆ.

ಆದ್ದರಿಂದ ಕೈಮುಗಿದು ಕೇಳಿಕೊಳ್ಳುತ್ತೇನೆ. ಮುಂಗಾರು ಹಿಡಿಯುವ ಮೊದಲು ನಿಮ್ಮೂರ ಕೆರೆ ಕೋಡಿಯಿಂದ ಮುಂದಿನ ಕೆರೆಯವರೆಗೆ ಒಮ್ಮೆ ನಡೆಯಿರಿ. ಗ್ರಾಮನಕ್ಷೆ ಜೊತೆಗಿರಲಿ. ಕಾಲುವೆ ಎಲ್ಲಿ ಕಿರಿದಾಗಿದೆ, ಯಾವ ಪೈಪಿನಿಂದ ಕೊಳಚೆ ಬೀಳುತ್ತಿದೆ, ಬರೆದುಕೊಳ್ಳಿ, ಫೋಟೋ ತೆಗೆಯಿರಿ. ಅದನ್ನು ಗ್ರಾಮಸಭೆಯಲ್ಲಿಟ್ಟು, ಸರ್ವೆ ಮಾಡಿಸಿ ಕಾಲುವೆಗೆ ಕಲ್ಲು ನೆಡಿಸುವಂತೆ, ಕೊಳಚೆಯನ್ನು ಶುದ್ಧೀಕರಿಸದೆ ಬಿಡದಂತೆ ಠರಾವು ಬರೆಸಿ. ಒತ್ತುವರಿ ನಮ್ಮದೇ ಹೊಲದ್ದಾಗಿದ್ದರೆ ಮೊದಲು ನಾವೇ ಬಿಟ್ಟುಕೊಡೋಣ. ಕೆಳಗಿನ ಊರಿನವರನ್ನೂ ಕರೆಯಿರಿ. ನಿಮ್ಮಲ್ಲಿ ಕೆರೆಯ ನೀರು ಹಂಚುತ್ತಿದ್ದ ನೀರುಗಂಟಿ ಮನೆತನದ ಹಿರಿಯರು ಯಾರಾದರೂ ಉಳಿದಿದ್ದರೆ ಅವರನ್ನು ಗಾಡಿಯಲ್ಲಾದರೂ ಕೂರಿಸಿಕೊಂಡು ಹೋಗಿ; ತೂಬು ಎಲ್ಲಿತ್ತು, ನೀರು ಯಾವ ಮಗ್ಗುಲಿಗೆ ತಿರುಗುತ್ತಿತ್ತು ಎಂಬುದು ಅವರಿಗೆ ಇನ್ನೂ ನೆನಪಿದೆ.